ಕೂತು ಹೇಳುವ ಕಥೆ

ಎಲ್ಲಿಗೆ ಹೋದರೂ ಅವರು ಮೊದಲು ನೋಡುತ್ತಿದ್ದದ್ದು ಕೂರುವ ಜಾಗವನ್ನು. ಬೇರೆಯವರು ಜಲಪಾತ ನೋಡುವಾಗ ಅವರು ಕಟ್ಟೆ ಹುಡುಕುತ್ತಿದ್ದರು. ಬೇರೆಯವರು ಕಾಮನಬಿಲ್ಲು ತೋರಿಸಿ ಕೂಗುವಾಗ ಅವರು ಯಾವುದೋ ಕಲ್ಲನ್ನು ಸೆರಗಿನ ತುದಿಯಿಂದ ಒರೆಸುತ್ತಿದ್ದರು. ಈ ವರ್ಷದ ದಸರಾ ರಜೆಯಲ್ಲಿ ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಅವರ ಮೈದುನ ಸಿಕ್ಕಿ, ಅತ್ತಿಗೆ ತೀರಿಕೊಂಡರು ಎಂದು ಹೇಳಿದಾಗ ನನಗೆ ತಟ್ಟನೆ ಕಂಡದ್ದು ಅವರ ಮುಖವಲ್ಲ, ಕಲ್ಲು ಒರೆಸುವ ಆ ಕೈ.

ಅವರ ಹೆಸರು ಬರೆಯುವುದಿಲ್ಲ. ಬಾಯಿಬಿಟ್ಟು ಹೇಳಿದ್ದಕ್ಕೆಲ್ಲ ಕಣ್ಣು ಬೀಳುತ್ತದೆ ಎಂದು ನಂಬಿದ ಮನೆಯಲ್ಲಿ ಬದುಕಿದವರು ಅವರು. ಈಗ ಕಣ್ಣು ಬೀಳಲು ಅಲ್ಲಿ ಏನೂ ಉಳಿದಿಲ್ಲ. ಆದರೂ ಇರಲಿ.

ಜೋಗದ ಕಾಲೋನಿ ಶಾಲೆಗೆ ನಾನು ಟೀಚರಾಗಿ ಹೋದಾಗ ನನಗೆ ಇಪ್ಪತ್ತೆರಡು ವರ್ಷ. ತೀರ್ಥಹಳ್ಳಿ ಬಿಟ್ಟು ಹೊರಗೆ ಇದ್ದದ್ದು ಅದೇ ಮೊದಲು. ಅಣ್ಣ ಅಲ್ಲಿ ಗುಮಾಸ್ತನಾಗಿದ್ದ. ಅವನ ಕ್ವಾರ್ಟರ್ಸಿನಲ್ಲೇ ನಾನೂ ಉಳಿದೆ. ಪಕ್ಕದ ಮನೆ ಅವರದು. ಎರಡು ಮನೆಗೂ ಒಂದೇ ನಲ್ಲಿ. ಅವರ ಗಂಡ ಪವರ್ ಹೌಸಿನಲ್ಲಿ ಪಾಳಿಯ ಕೆಲಸದವರು. ಮಾತು ಕಡಿಮೆ. ಪಾಳಿ ಮುಗಿಸಿ ಬಂದು ಮಲಗಿದರೆ ಮತ್ತೆ ಪಾಳಿಗೇ ಏಳುವವರು.

ನನಗೆ ದಿನಚರಿ ಬರೆಯುವ ಚಟ. ಮಳೆ ಬಂದದ್ದು, ಹಾಲಿನವನು ಬಾರದ್ದು, ಶಾಲೆಗೆ ತಪ್ಪಿಸಿಕೊಂಡ ಮಕ್ಕಳು, ಎಲ್ಲಕ್ಕೂ ತಾರೀಖು ಹಾಕಿ ಬರೆಯುತ್ತೇನೆ. ಆ ಮಳೆಗಾಲದ ಪುಟಗಳಲ್ಲಿ ಪಕ್ಕದ ಮನೆಗೆ ನೆಂಟರು ಬಂದದ್ದೇ ಹೆಚ್ಚು. ಜುಲೈಯಿಂದ ಸೆಪ್ಟೆಂಬರ್ ನಡುವೆ ಹತ್ತೊಂಬತ್ತು ತಂಡಗಳು. ಜೋಗದಲ್ಲಿ ಮನೆ ಮಾಡಿದವರಿಗೆ ನೆಂಟರಿಲ್ಲದ ಊರೇ ಇಲ್ಲ. ಭದ್ರಾವತಿಯಿಂದ ಗಂಡನ ಅಕ್ಕನ ನಾದಿನಿ, ನಿಟ್ಟೂರಿನಿಂದ ಅತ್ತೆಯ ತವರಿನವರು, ಹೊಸನಗರದಿಂದ ಯಾರೋ ಒಬ್ಬರು 'ನಿಮ್ಮಾವನ ಜೊತೆ ಓದಿದವ' ಎಂದುಕೊಂಡು ಬಂದವರು. ಆ ಮಾವ ಶಾಲೆಯ ಮೆಟ್ಟಿಲನ್ನೇ ಹತ್ತಿದವರಲ್ಲ ಎಂದು ಇವರು ನನ್ನ ಕಿವಿಯಲ್ಲಿ ಹೇಳಿ, ಬಂದವರಿಗೂ ಎಲೆ ಹಾಕಿದರು.

ಬಂದವರಿಗೆ ಜೋಗದ ಗುಂಡಿ ತೋರಿಸಬೇಕು. ಗಂಡ ಪಾಳಿಯಲ್ಲಿ. ಹಾಗಾಗಿ ತೋರಿಸುವವರು ಇವರೇ.

ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ಕೊಡ ತುಂಬಿ ಹರಿಯುತ್ತಿದ್ದರೂ ಅವರು ಅದನ್ನು ಎತ್ತದೆ ನಿಂತಿದ್ದರು.

"ಎತ್ತಿ ಕೊಡ್ಲಾ ಅಕ್ಕಾ?" ಅಂದೆ.

"ಎತ್ತಿ ಕೊಡೋದಲ್ಲ ಟೀಚ್ರೇ, ಒಳಗೆ ತಗಂಡು ಹೋಗಿ ಇಡ್ತೀರಾ? ಯಾಕೆ ಅಂತ ಮಾತ್ರ ಕೇಳ್ಬೇಡಿ."

ಒಯ್ದು ಇಟ್ಟೆ. ಹಿಂದೆಯೇ ಬಂದು ಬಾಗಿಲಿಗೆ ಒರಗಿ ನಿಂತರು.

"ಕೇಳ್ಬೇಡಿ ಅಂದ್ರೂ ಕೇಳೇ ಕೇಳ್ತೀರಿ ಅಂದ್ಕಂಡಿದ್ದೆ. ನೀವು ಕೇಳ್ಲಿಲ್ಲ. ಅದಕ್ಕೇ ಹೇಳ್ತೀನಿ."

ಅದು ಮೂರನೆಯದು. ಮೊದಲನೆಯದು ಮೂರು ತಿಂಗಳಿಗೆ ಹೋಗಿತ್ತು, ಎರಡನೆಯದು ಐದಕ್ಕೆ. ಸಾಗರದ ಲೇಡಿ ಡಾಕ್ಟರು ಈ ಸಲ ಗದರಿಸಿಯೇ ಹೇಳಿದ್ದರು: ಭಾರ ಎತ್ತಬೇಡ, ಮೆಟ್ಟಿಲು ಹತ್ತಬೇಡ, ಆದಷ್ಟು ಮಲಗಿರು, ಇದೂ ಹೋದರೆ ಮುಂದಿನದಕ್ಕೆ ನಿನ್ನ ಮೈ ತಡೆಯುವುದು ಕಷ್ಟ. ಅತ್ತೆಯ ಮಾತು ಬೇರೆ. ಮೊದಲ ಸಲ ವಾಂತಿಯಾದದ್ದು ಕೇರಿಗೆಲ್ಲ ಗೊತ್ತಾಗಿತ್ತು. ಎರಡನೇ ಸಲ ಊರಿನ ಗದ್ದೆಯ ಒಡೆಯರ ಮನೆಗೆ ಸುದ್ದಿ ಹೋಗಿ, ಅಲ್ಲಿ ಯಾರೋ "ಹೊಟ್ಟೆ ನೋಡಿದ್ರೆ ಈ ಸಲ ಗಂಡೇ" ಎಂದರಂತೆ, ವಾರದೊಳಗೆ ಹೋಯಿತು. ಆದ್ದರಿಂದ ಈ ಸಲ ಏಳಕ್ಕೆ ಬಿದ್ದು ಬಯಕೆ ಊಟ ಹಾಕುವವರೆಗೆ ಹೊರಗಿನ ಒಂದು ನರಪಿಳ್ಳೆಗೂ ತಿಳಿಯಕೂಡದು.

"ಡಾಕ್ಟ್ರು ಮಲಗು ಅಂತಾರೆ. ಅತ್ತೆ ಹೇಳ್ಬೇಡ ಅಂತಾರೆ. ಯಾಕೆ ಅಂತ ಹೇಳ್ದೆ ಮಲಗೋದು ಹ್ಯಾಂಗೆ? ನೀವು ಓದಿದೋರು, ಹೇಳಿ ನೋಡಣ."

ಉಪಾಯ ಅವರಿಗೆ ಆಗಲೇ ಹೊಳೆದಿತ್ತು.

ಮುಂದಿನ ಭಾನುವಾರ ನನ್ನನ್ನೂ ಜೊತೆಗೆ ಕರೆದರು. ನೀರಿನ ಚೊಂಬು, ತಿಂಡಿಯ ಡಬ್ಬಿ ನನ್ನ ಕೈಯಲ್ಲಿ. ಕ್ವಾರ್ಟರ್ಸಿನಿಂದ ಗುಂಡಿಯ ಅಂಚಿಗೆ ಹೋಗುವ ದಾರಿಯನ್ನು ಅವರು ಬಸ್ಸಿನ ಹಾಗೆ ಸ್ಟಾಪುಗಳಾಗಿ ಕತ್ತರಿಸಿಟ್ಟಿದ್ದರು. ಮೊದಲು ಮೋರಿಯ ಕಟ್ಟೆ. ಆಮೇಲೆ ನೇರಳೆ ಮರದ ಬುಡದ ಚಪ್ಪಟೆ ಕಲ್ಲು. ಆಮೇಲೆ ಬಂಗಲೆಯ ಕೆಳಗಿನ ಹುಲ್ಲುದಿಬ್ಬ. ಕೊನೆಗೆ ಕಣಿವೆಗೆ ಇಳಿಯುವ ಮೆಟ್ಟಿಲುಗಳ ತಲೆ.

ಆ ಮೆಟ್ಟಿಲುಗಳು ಎಷ್ಟಿವೆ ಎಂದು ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳುತ್ತಾರೆ. ಇಳಿದವರಿಗೆ ಹತ್ತುವಾಗ ಲೆಕ್ಕ ತಪ್ಪುತ್ತದೆ. ಅವರು ಒಂದನ್ನೂ ಇಳಿಯುತ್ತಿರಲಿಲ್ಲ.

"ಚಪ್ಪಲಿ ಇಲ್ಲೇ ಬಿಟ್ಟು ಹೋಗಿ, ಪಾಚಿ ಜಾರ್ತದೆ. ನಾನು ಕಾಯ್ತೀನಿ" ಎನ್ನುತ್ತಿದ್ದರು ನೆಂಟರಿಗೆ.

"ಈ ಕಾಡಲ್ಲಿ ಚಪ್ಪಲಿ ಕದಿಯೋಕೆ ಯಾರು ಬರ್ತಾರೆ ಮಾರಾಯ್ತಿ?" ಎಂದರು ಭದ್ರಾವತಿಯ ನೆಂಟರೊಬ್ಬರು.

"ಮಂಗ ಬರ್ತಾವೆ ಭಾವಾ. ಹೋದ ವಾರ ಒಬ್ರು ಒಂದೇ ಚಪ್ಪಲಿ ಹಾಕ್ಕಂಡು ಶಿವಮೊಗ್ಗದ ಬಸ್ ಹತ್ತಿದ್ರು. ಕಂಡಕ್ಟ್ರು ಅರ್ಧ ಟಿಕೆಟ್ ಕೊಡ್ಲಾ ಅಂದ ಅಂತೆ."

ಎಲ್ಲರೂ ನಕ್ಕು ಚಪ್ಪಲಿ ಬಿಟ್ಟು ಇಳಿದರು. ಅವರು ಹೋಗಿ ಬರುವಷ್ಟು ಹೊತ್ತೂ ಇವರು ಚಪ್ಪಲಿಗಳ ಸಾಲಿನ ಪಕ್ಕ, ಬಟ್ಟೆಗಂಟಿಗೆ ತಲೆ ಕೊಟ್ಟು, ಎಡಮಗ್ಗುಲಾಗಿ ಮಲಗಿ ನಿದ್ದೆ ಮಾಡಿದರು. ಮನೆಯಲ್ಲಿ ಸಿಗದ ನಿದ್ದೆ ಅದು. ಸೀರೆಯನ್ನು ಸಡಿಲ ಉಟ್ಟು, ಮೇಲೆ ಗಂಡನ ಹಳೇ ಶಾಲು ಹೊದ್ದಿರುತ್ತಿದ್ದರು. ಜೋಗದ ಚಳಿಗೆ ಯಾರೂ ಏನೂ ಅಂದುಕೊಳ್ಳುತ್ತಿರಲಿಲ್ಲ.

ಪವರ್ ಹೌಸಿಗೆ ಇಳಿಯುವ ಟ್ರಾಲಿಗೆ ಪರವಾನಗಿ ಸಿಕ್ಕಿದ ದಿನ ತಮ್ಮ ಜಾಗವನ್ನು ಇನ್ನೊಬ್ಬರಿಗೆ ಬಿಟ್ಟುಕೊಡುತ್ತಿದ್ದರು. "ನಾವು ಇಲ್ಲೇ ಇರೋರು, ಯಾವಾಗ ಬೇಕಾದ್ರೂ ಹೋಗ್ಬಹುದು." ಎಂಥ ದೊಡ್ಡ ಮನಸ್ಸು ಎಂದು ನೆಂಟರು ಹೊಗಳಿದರೆ ನನ್ನ ಕಡೆ ನೋಡಿ ಕಣ್ಣು ಮಿಟುಕಿಸುತ್ತಿದ್ದರು. ಒಂದು ಸಲವೂ ಟ್ರಾಲಿ ಹತ್ತಲಿಲ್ಲ.

ಕಷ್ಟವಿದ್ದದ್ದು ಒಡೆಯರ ಮನೆಯವರು ಬಂದಾಗ. ನಿಟ್ಟೂರಿನ ಕಡೆ ಇವರ ಮಾವ ಗೇಣಿಗೆ ಮಾಡುತ್ತಿದ್ದ ಗದ್ದೆ ಆ ಒಡೆಯರದು. ಗೇಣಿದಾರನ ಮಗನಿಗೆ ಜೋಗದಲ್ಲಿ ಕೆಲಸ ಸಿಕ್ಕಿದ ಮೇಲೆ, ಜೋಗದಲ್ಲಿ ತಮ್ಮದೇ ಒಂದು ಮನೆ ಇದ್ದಂತೆ ಎಂದು ಅವರು ತಿಳಿದಿದ್ದರು. ಮಗಳು, ಅಳಿಯ, ಅಳಿಯನ ಸ್ನೇಹಿತರು ಎಲ್ಲರನ್ನೂ ಕಳಿಸುತ್ತಿದ್ದರು. ಕೆಟ್ಟವರಲ್ಲ. ಬರುವಾಗ ಬಾಳೆಕಾಯಿ, ಮಜ್ಜಿಗೆ ಮೆಣಸು ತರುತ್ತಿದ್ದರು. ಆದರೆ ಅವರು ನಿಂತಿರುವಾಗ ಒಕ್ಕಲ ಮನೆಯ ಸೊಸೆ ಕೂರುವಂತಿಲ್ಲ. ಇದನ್ನು ಯಾರೂ ಹೇಳಬೇಕಾಗಿಯೇ ಇರಲಿಲ್ಲ. ಎಷ್ಟೋ ತಲೆಮಾರಿನಿಂದ ಕಾಲುಗಳಿಗೆ ಗೊತ್ತಿದ್ದ ಸಂಗತಿ.

ಆಗಲೇ ಅವರು ಕಥೆ ಶುರುಮಾಡಿದ್ದು.

ನಾನಿದ್ದೆ ಆ ದಿನ. ಮೋರಿಯ ಕಟ್ಟೆ ಬಂತು. ಒಡತಿ ಮತ್ತು ಅವರ ಜೊತೆ ಬಂದ ಅಜ್ಜಿಯೊಬ್ಬರು ನಿಂತು ಸೀರೆಯ ನೆರಿಗೆ ಎತ್ತಿ ಕಟ್ಟಿಕೊಳ್ಳುತ್ತಿದ್ದರು. ಇವರ ಮುಖ ಬಿಳುಚಿತ್ತು. ಒಂದು ಕೈ ಶಾಲಿನೊಳಗೆ ಸೊಂಟಕ್ಕೆ ಒತ್ತಿಕೊಂಡಿತ್ತು.

"ಅಮ್ಮಾ, ರಾಣಿ ಯಾಕೆ ಹಂಗೆ ಇಳೀತಾಳೆ ಅಂತ ಗೊತ್ತಾ ನಿಮಗೆ?" ಎಂದರು ಥಟ್ಟನೆ.

"ಹ್ಯಾಂಗೆ ಇಳೀತಾಳೆ?"

"ರಾಜ ನೋಡಿ, ಒಂದೇ ಜಿಗಿತ. ಹಿಂದೆ ಮುಂದೆ ನೋಡೋದಿಲ್ಲ. ರಾಣಿ ಹಂಗಲ್ಲ. ಪ್ರತಿ ಬಂಡೆ ಮೇಲೂ ಕೂತು ಕೂತು ಇಳೀತಾಳೆ. ಅದಕ್ಕೊಂದು ಕಥೆ ಉಂಟು."

ಅಜ್ಜಿ ತಡೆದರು. "ಹಗಲು ಹೊತ್ತಲ್ಲಿ ಕಥೆ ಹೇಳ್ಬಾರ್ದು ಕೂಸೇ. ದಾರಿಹೋಕರಿಗೆ ದಾರಿ ತಪ್ತದೆ."

ಇದು ಎಲ್ಲ ಕಡೆಯ ನಂಬಿಕೆ; ನಮ್ಮಜ್ಜಿಯೂ ಹೇಳುತ್ತಿದ್ದರು. ಇನ್ನು ಮುಗಿಯಿತು ಅಂದುಕೊಂಡೆ. ಅಕ್ಕ ಕಣ್ಣು ಕೂಡ ಮಿಟುಕಿಸದೆ ಹೇಳಿದರು:

"ಅದು ನಿಂತು ಹೇಳಿದ್ರೆ ಅಜ್ಜೀ. ನಡೀತಾ ಹೇಳಿದ್ರಂತೂ ತಪ್ಪೇ ತಪ್ತದೆ. ಕೂತು ಹೇಳಿ, ಕೂತು ಕೇಳಿದ್ರೆ ಏನೂ ಆಗೋದಿಲ್ಲ. ನಮ್ಮ ಕಡೆ ಹಂಗೆ ಪದ್ಧತಿ."

"ಹೌದಾ? ಹಾಗಾದ್ರೆ ಕೂತೇ ಹೇಳು."

ಅಜ್ಜಿ ಕಟ್ಟೆಯ ಮೇಲೆ ಕೂತರು. ಒಡತಿ ಕೂತರು. ಇವರು ಎದುರಿನ ಕಲ್ಲು ಒರೆಸಿ, ಮೆಲ್ಲನೆ, ಹಾಲಿನ ಪಾತ್ರೆ ಇಳಿಸುವ ಹಾಗೆ ತಮ್ಮನ್ನು ಇಳಿಸಿಕೊಂಡು ಕೂತರು. ಒಕ್ಕಲಿನವಳು ಎದುರಿಗೆ ಕೂತದ್ದು ಯಾರ ಗಮನಕ್ಕೂ ಬರಲಿಲ್ಲ. ಕಥೆ ಹೇಳುವವಳಲ್ಲವೇ.

ಕಥೆ ಇಷ್ಟು: ಜೋಗದ ನಾಲ್ಕು ಧಾರೆಗಳಲ್ಲಿ ರಾಣಿ ದೂರದೂರಿಂದ ಮದುವೆಯಾಗಿ ಬಂದವಳು. ರಾಜ ಅವಸರದವನು, ಕಣಿವೆ ಕಂಡದ್ದೇ ಧುಮುಕಿಬಿಟ್ಟ. ರೋರರ್ ಅವನ ಹಿಂದೆ ಕೂಗುತ್ತ ಹೋದ, ರಾಕೆಟ್ ಓಡಿದ. ಎಲ್ಲರೂ ಕೆಳಗಿನಿಂದ "ಬೇಗ ಬಾ, ಬೇಗ ಬಾ" ಎಂದು ಕರೆಯುತ್ತಾರೆ. ರಾಣಿ ಬೇಗ ಬರಲಾರಳು. ಅವಳ ಮಡಿಲಲ್ಲಿ ಏನೋ ಕಟ್ಟಿಕೊಂಡಿದ್ದಾಳೆ. ಅದು ಅಲುಗಬಾರದು. ಅದಕ್ಕೇ ಬಂಡೆಯಿಂದ ಬಂಡೆಗೆ ಕೂತು ಕೂತು ಇಳಿಯುತ್ತಾಳೆ.

"ಏನು ಕಟ್ಟಿಕೊಂಡಿದಾಳೆ?" ಅಜ್ಜಿ ಕೇಳಿದರು.

"ಅದು ಹೇಳ್ಬಾರ್ದು."

"ಯಾಕೆ?"

"ರಾಣಿಗೆ ಅವಳ ಅತ್ತೆ ಆಣೆ ಹಾಕಿದಾಳೆ. ಕೆಳಗೆ ಮುಟ್ಟೋವರೆಗೂ ಹೇಳೋ ಹಂಗಿಲ್ಲ."

ಕಥೆಯನ್ನು ಅವರು ಒಮ್ಮೆಗೆ ಮುಗಿಸಲಿಲ್ಲ. ನೇರಳೆ ಮರದ ಹತ್ತಿರ ಸ್ವಲ್ಪ, ಹುಲ್ಲುದಿಬ್ಬದ ಮೇಲೆ ಸ್ವಲ್ಪ. ಪ್ರತಿಸಲವೂ ಕೂತೇ ಹೇಳಬೇಕು, ಕೂತೇ ಕೇಳಬೇಕು. ಮೈಗೆ ಎಷ್ಟು ಹೊತ್ತು ಬೇಕೋ ಕಥೆ ಅಷ್ಟು ಉದ್ದ. ಬೆನ್ನು ಹೆಚ್ಚು ನೋಯುತ್ತಿದ್ದ ದಿನ ರಾಣಿಯ ತವರುಮನೆಯೂ, ಅವಳ ಅಣ್ಣಂದಿರೂ, ಅವಳಿಗೆ ದಾರಿ ತೋರಿಸಿದ ಮಂಗಟ್ಟೆ ಹಕ್ಕಿಯೂ ಬರುತ್ತಿದ್ದರು. ಕಥೆ ಉದ್ದವಾದ ದಿನ ನಾನು ದಿನಚರಿಯಲ್ಲಿ 'ಅಕ್ಕನಿಗೆ ಇವತ್ತು ಆಯಾಸ' ಎಂದು ಬರೆಯುತ್ತಿದ್ದೆ.

ತಿಂಗಳು ಏರುತ್ತ ಹೋಯಿತು. ಮೂರು ದಾಟಿತು, ಐದು ದಾಟಿತು. ಐದು ದಾಟಿದ ದಿನ ಅವರು ನಲ್ಲಿಯ ಹತ್ತಿರ ನನ್ನ ಕೈಗೆ ಒಂದು ಬೆಲ್ಲದ ಚೂರು ಇಟ್ಟು ಒಳಗೆ ಹೋದರು.

ಆದರೆ ಅವರ ಉಪಾಯವೇ ಅವರಿಗೆ ಮುಳುವಾಗುತ್ತ ಬಂದಿತ್ತು. ಕಥೆ ಕೇಳಿ ಹೋದವರು ಊರಲ್ಲಿ ಸುಮ್ಮನಿರಲಿಲ್ಲ. 'ಜೋಗಕ್ಕೆ ಹೋದರೆ ನಮ್ಮ ಒಕ್ಕಲ ಸೊಸೆ ಇದ್ದಾಳೆ, ಅವಳ ಬಾಯಲ್ಲಿ ರಾಣಿಯ ಕಥೆ ಕೇಳಬೇಕು' ಎಂದು ಒಡತಿ ಕಂಡವರಿಗೆಲ್ಲ ಹೇಳಿದರು. ಮೊದಲು ಜಲಪಾತ ನೋಡಲು ಬರುತ್ತಿದ್ದರು, ಈಗ ಕಥೆ ಕೇಳಲೂ ಬರತೊಡಗಿದರು. ಕಾಲೋನಿಯ ಬೇರೆ ಮನೆಗಳ ನೆಂಟರೂ "ಸ್ವಲ್ಪ ಬಂದು ತೋರ್ಸಿಕೊಡಿ" ಎಂದು ಬಾಗಿಲಿಗೆ ಬಂದರು. ಕೂರಲೆಂದು ಹುಟ್ಟಿಸಿದ ಕಥೆ ಅವರನ್ನು ಮನೆಯಿಂದ ಎಬ್ಬಿಸಿಕೊಂಡು ಹೋಗುತ್ತಿತ್ತು.

"ಹೊಟ್ಟೆಪಾಡಿಗೆ ಹಾಡೋರು ಇರ್ತಾರೆ ಟೀಚ್ರೇ" ಎಂದರು ಒಂದು ದಿನ, ಕಾಲು ಚಾಚಿ ಕೂತು. "ನಾನೊಬ್ಳು ಹೊಟ್ಟೆ ಉಳಿಸ್ಕಳಕ್ಕೆ ಹೇಳ್ತಿದೀನಿ."

ಸೆಪ್ಟೆಂಬರಿನ ಮೂರನೇ ಭಾನುವಾರ ಒಡೆಯರ ಮನೆಯಿಂದ ದೊಡ್ಡ ತಂಡ ಬಂತು. ಒಡತಿಯ ಕಿರಿಮಗಳಿಗೆ ಘಟ್ಟದ ಕೆಳಗೆ ಸಂಬಂಧ ಕುದುರಿ ಮದುವೆಯಾಗಿತ್ತು. ಹೊಸ ಬೀಗರು ಮೊದಲ ಸಲ ಮಲೆನಾಡು ನೋಡಲು ಬಂದಿದ್ದರು. ದಾರಿ ತೋರಿಸಲೆಂದು ಅಕ್ಕನ ಅತ್ತೆಯೂ ಊರಿನಿಂದ ಅವರ ಜೊತೆಯಲ್ಲೇ ಬಂದಿದ್ದರು.

ಅತ್ತೆಯ ಬಗ್ಗೆ ಒಂದು ಮಾತು ಹೇಳಬೇಕು. ಸೊಸೆಯನ್ನು ಅವರು ಪ್ರೀತಿಸುತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಬರುವಾಗಲೆಲ್ಲ ಕೊಬ್ಬರಿ ಉಂಡೆ ಕಟ್ಟಿ ತರುತ್ತಿದ್ದರು. ಮಗ ಕಾಣದಂತೆ ಸೊಸೆಯ ಕಾಲು ನೀವುತ್ತಿದ್ದರು. ಸೊಸೆಯ ತೋಳಿಗೆ ಅವರು ಕಟ್ಟಿಸಿ ತಂದ ತಾಯತ ಇತ್ತು. ಎರಡು ಸಲ ಹೋದದ್ದಕ್ಕೆ ಸೊಸೆಯಷ್ಟೇ ಅತ್ತವರು. ಅವರ ಹೆದರಿಕೆ ನಿಜವಾದದ್ದು. ಏಳಕ್ಕೆ ಬೀಳಲು ಇನ್ನು ಹದಿನೈದು ದಿನ ಉಳಿದಿತ್ತು. ಬಯಕೆ ಊಟಕ್ಕೆ ಹಸಿರು ಸೀರೆ ಆಗಲೇ ತಂದಿಟ್ಟಿದ್ದರು.

ಆ ದಿನ ಬಿಸಿಲಿತ್ತು. ನೀರೂ ತುಂಬಿತ್ತು. ಬೀಗರ ಹಿರಿಯ ಯಜಮಾನರು ರಸಿಕರು; ಮೋರಿಯ ಕಟ್ಟೆಯಲ್ಲಿ, ನೇರಳೆ ಮರದಡಿ, ಹುಲ್ಲುದಿಬ್ಬದ ಮೇಲೆ ಮಕ್ಕಳಂತೆ ಕೂತು ಕಥೆ ಕೇಳಿದರು. ಮೆಟ್ಟಿಲುಗಳ ತಲೆಗೆ ಬಂದಾಗ ಇವರು ಎಂದಿನಂತೆ ಹೇಳಿದರು:

"ಚಪ್ಪಲಿ ಇಲ್ಲಿ ಬಿಡಿ ಸ್ವಾಮಿ. ನಾನು ಕಾಯ್ತೀನಿ."

"ಅದು ಆಗೋದಿಲ್ಲ" ಎಂದರು ಯಜಮಾನರು ನಗುತ್ತ. "ರಾಣಿ ಕೆಳಗೆ ಕಾಲಿಡೋ ಜಾಗ ನೋಡದೆ ಕಥೆ ಮುಗಿಯೋದು ಹೇಗೆ? ನೀನೇ ಬಂದು ತೋರಿಸಬೇಕು."

"ಟೀಚ್ರಿಗೆ ಗೊತ್ತುಂಟು ಸ್ವಾಮಿ, ತೋರಿಸ್ತಾರೆ."

"ಟೀಚರು ಪಾಠ ಹೇಳ್ತಾರೆ. ನಮಗೆ ಕಥೆ ಬೇಕು."

ಬೀಗರು ಸಂತೋಷವಾಗಿರುವುದು ಕಂಡು ಒಡತಿ ಉಬ್ಬಿಹೋಗಿದ್ದರು. "ಹೋಗೇ ಮಾರಾಯ್ತಿ, ಅಷ್ಟು ಕೇಳ್ತಾ ಇದಾರೆ. ಚಪ್ಪಲಿದೇ ಚಿಂತೆಯಾ? ನಾನೇ ಕಾಯ್ತೀನಿ, ಹೋಗು!"

ಒಡತಿ ಒಕ್ಕಲಿನವಳಿಗಾಗಿ ಚಪ್ಪಲಿ ಕಾಯುವುದೆಂದರೆ ಎಲ್ಲರಿಗೂ ದೊಡ್ಡ ನಗೆ. ಆ ನಗೆಯಲ್ಲಿ ಅಕ್ಕನಿಗಿದ್ದ ಒಂದೇ ನೆಪ ಮುರಿದುಹೋಯಿತು.

"ಅಕ್ಕನಿಗೆ ನಿನ್ನೆ ಕಾಲು ಉಳುಕಿದೆ ಅಮ್ಮ" ಎಂದೆ ನಾನು.

"ಉಳುಕಿದ ಕಾಲಲ್ಲಿ ಇಲ್ಲೀತನಕ ಬಂದ್ಲಾ? ಇಷ್ಟು ಬಂದ ಕಾಲು ಅಷ್ಟೂ ಬರ್ತದೆ ಬಿಡಿ."

ಅಕ್ಕ ಅತ್ತೆಯ ಕಡೆ ನೋಡಿದರು. ಅತ್ತೆಯ ತುಟಿ ಅಲುಗಿತು. ಮಾತು ಬಾಯಿಗೆ ಬಂದಿತ್ತು ಎಂದು ನಾನು ಈಗಲೂ ಆಣೆ ಮಾಡಿ ಹೇಳಬಲ್ಲೆ. ಅಷ್ಟರಲ್ಲಿ ಅವರ ಕಣ್ಣು ಸುತ್ತ ಹರಿಯಿತು. ಹೊಸ ಬೀಗರ ಹೆಂಗಸರು, ಒಡತಿ, ಒಡತಿಯ ಮಗಳು. ಅಷ್ಟೂ ಜನ ಸೊಸೆಯನ್ನೇ ನೋಡುತ್ತಿದ್ದರು. ಬಂದ ಮಾತು ಹಿಂದಕ್ಕೆ ಹೋಯಿತು.

"ಹೋಗಿ ಬಾ ಮಗಾ" ಎಂದರು. "ನಿಧಾನ ಇಳಿ. ಕೂತು ಕೂತು ಹೋಗು."

ನಾವು ಇಳಿಯತೊಡಗಿದಾಗ ತಿರುಗಿ ನೋಡಿದೆ. ಸೊಸೆ ನಿಂತಿದ್ದ ಜಾಗದ ಮಣ್ಣನ್ನು ಅವರು ಚಿಟಿಕೆಯಲ್ಲಿ ತೆಗೆದು, ಯಾರೂ ಕಾಣದ ಹಾಗೆ ಗಾಳಿಯಲ್ಲಿ ನಿವಾಳಿಸಿ, ಹಿಂದಕ್ಕೆ ಎಸೆಯುತ್ತಿದ್ದರು.

ಇಳಿಯುವಾಗ ಕಥೆ ನೆರವಾಯಿತು. ತಿರುವು ಬಂದಲ್ಲೆಲ್ಲ ಕೂತರು, ಕೂರಿಸಿದರು, ಹೇಳಿದರು. ಕೆಳಗೆ ನೀರಿನ ತುಂತುರಿನಲ್ಲಿ ಎಲ್ಲರ ಬಟ್ಟೆ ಒದ್ದೆಯಾಯಿತು. ರಾಣಿ ಬಂಡೆಗಳ ಮೇಲೆ ನೊರೆ ನೊರೆಯಾಗಿ ಹಾಸಿಕೊಂಡು ಬರುತ್ತಿದ್ದಳು.

"ಈಗಾದರೂ ಹೇಳಮ್ಮ. ಮಡಿಲಲ್ಲಿ ಏನಿತ್ತು?" ಎಂದರು ಯಜಮಾನರು ಗಟ್ಟಿಯಾಗಿ, ನೀರಿನ ಸದ್ದಿಗೆ ಕೂಗಿಯೇ ಮಾತಾಡಬೇಕು.

"ಇಳಿದು ಮುಗಿದ ಮೇಲೆ ಹೇಳ್ತಾಳೆ ಸ್ವಾಮಿ. ಇನ್ನೂ ಇಳೀತಾ ಇದಾಳೆ ನೋಡಿ."

ಅವರು ಹಾಗೆ ಹೇಳುವಾಗ ಪಶ್ಚಿಮದ ಗುಡ್ಡದ ಮೇಲೆ ಮೋಡ ಎದ್ದಿತ್ತು. ಮಳೆ ಹಿಡಿದರೆ ಮೆಟ್ಟಿಲು ಜಾರುತ್ತದೆಂದು ಎಲ್ಲರೂ ಅವಸರವಾಗಿ ಹತ್ತತೊಡಗಿದರು. ಹತ್ತುವಾಗ ಯಾರಿಗೂ ಕಥೆ ಬೇಕಿರಲಿಲ್ಲ. ಯಜಮಾನರನ್ನು ಇಬ್ಬರು ಗಂಡಸರು ತೋಳು ಹಿಡಿದು ಹತ್ತಿಸಿದರು. ಅಕ್ಕನ ಕೈ ನನ್ನ ಹೆಗಲ ಮೇಲಿತ್ತು. ಹತ್ತುತ್ತ ಹತ್ತುತ್ತ ಆ ಕೈ ಭಾರವಾಯಿತು.

"ಕೂತ್ಕೊಳ್ಳಿ ಅಕ್ಕಾ. ಅವರು ಹೋಗ್ಲಿ."

"ಹನಿ ಬಿತ್ತು ಟೀಚ್ರೇ. ಜಾರಿ ಬೀಳೋದಕ್ಕಿಂತ ಹತ್ತೋದೇ ವಾಸಿ."

ಎರಡು ಸಲ ಮಾತ್ರ ಕೂತರು. ಎರಡು ಸಲವೂ ಮೇಲಿನಿಂದ "ಎಲ್ಲಿದೀಯೇ? ಬೇಗ ಬಾ!" ಎಂದು ಒಡತಿ ಅಕ್ಕರೆಯಿಂದಲೇ ಕರೆದರು.

ಮೇಲೆ ಮುಟ್ಟಿದ ಮೇಲೆ ಅವರು ಚಪ್ಪಲಿಗಳ ಪಕ್ಕ ಕೂತುಬಿಟ್ಟರು. ಕಲ್ಲು ಒರೆಸಲಿಲ್ಲ. ಮಳೆಯಲ್ಲಿ ಎಲ್ಲವೂ ಒದ್ದೆ.

"ನೋಡು, ಒಂದನ್ನೂ ಮಂಗ ಒಯ್ಯೋಕೆ ಬಿಡ್ಲಿಲ್ಲ ನಾನು!" ಎಂದು ಒಡತಿ ನಕ್ಕರು. ಅವರೂ ನಕ್ಕರು.

ಸೋಮವಾರ ನೋವು ಶುರುವಾಯಿತು. ಮಂಗಳವಾರ ಸಾಗರದ ಆಸ್ಪತ್ರೆಗೆ ಸೇರಿಸಿದರು. ಬುಧವಾರದ ಪುಟದಲ್ಲಿ ನಾನು ಬರೆದದ್ದು ಇಷ್ಟೇ: 'ಅಕ್ಕನಿಗೆ ಹೆಣ್ಣು. ಉಳಿಯಲಿಲ್ಲ.'

ಅವರು ಮನೆಗೆ ಬಂದ ದಿನ ನಾನು ಗಂಜಿ ತೆಗೆದುಕೊಂಡು ಹೋದೆ. ಅತ್ತೆ ಒಲೆಯ ಮುಂದೆ ಕೂತು ಹಣೆ ಬಡಿದುಕೊಳ್ಳುತ್ತಿದ್ದರು.

"ಅಷ್ಟು ಕಣ್ಣು! ಅಷ್ಟು ಕಣ್ಣು ಒಂದೇ ಸಲ! ನಾನು ಬಾಯಿ ಬಿಡ್ಲಿಲ್ಲ, ಆದ್ರೂ ನೋಡೇ ಬಿಟ್ರಲ್ಲ ಮುಂಡೇವು!"

ಹಾಸಿಗೆಯಿಂದ ಅಕ್ಕ ನಿಧಾನವಾಗಿ ಹೇಳಿದರು:

"ನೋಡ್ಲಿಲ್ಲ ಅತ್ತೆ. ನೋಡಿದ್ರೆ ಯಾರಾದ್ರೂ ಒಬ್ರು ಕೂತ್ಕ ಅಂತಿದ್ರು."

ಅತ್ತೆ ಹಣೆ ಬಡಿದುಕೊಳ್ಳುವುದನ್ನು ನಿಲ್ಲಿಸಿದರು. ಆಮೇಲೆ ಆ ಮನೆಯಲ್ಲಿ ಕಣ್ಣಿನ ಮಾತು ಬಂದದ್ದನ್ನು ನಾನು ಕೇಳಲಿಲ್ಲ.

ವಾರದ ಮೇಲೆ ಒಡತಿ ಬಂದರು. ಹಾಸಿಗೆಯ ಪಕ್ಕದ ಮಣೆಯ ಮೇಲೆ ಕೂತು ಅಳುತ್ತ, "ಒಂದು ಮಾತು ಹೇಳ್ಬಾರ್ದಿತ್ತೇನೇ? ನಾನೇ ಬೈದು ಕೂರಿಸ್ತಿದ್ದೆ" ಎಂದರು. ಸುಳ್ಳಲ್ಲ, ಕೂರಿಸುತ್ತಿದ್ದರು.

ಮುಂದಿನ ವರ್ಷ ನನಗೆ ತೀರ್ಥಹಳ್ಳಿಗೆ ವರ್ಗವಾಯಿತು. ಬಸ್ಸಿಗೆ ಹತ್ತಿಸಲು ಅವರು ಬಂದಿದ್ದರು. ಬಸ್ಸು ತಡವಾಯಿತು. ನಾನು ನಿಂತೇ ಇದ್ದೆ. "ಕೂತ್ಕಳ್ಳಿ ಟೀಚ್ರೇ, ನಿಂತ್ರೆ ಬಸ್ಸು ಬೇಗ ಬರ್ತದಾ?" ಎಂದು ಟ್ರಂಕಿನ ಮೇಲೆ ಕೂರಿಸಿದರು. ಕಥೆ ಹೇಳುವುದನ್ನು ಬಿಟ್ಟಿದ್ದರು. ಯಾರಾದರೂ ಕೇಳಿದರೆ ಮರೆತುಹೋಯಿತು ಎನ್ನುತ್ತಿದ್ದರು.

ಕೊನೆಯ ಸಲ ಕಂಡದ್ದು ಸಾಗರದಲ್ಲಿ, ಈ ವರ್ಷದ ಬೇಸಿಗೆಯಲ್ಲಿ. ದೂರದಿಂದಲೇ ಕೈ ಬೀಸಿ ಕರೆದರು. ಬಸ್ಸಿನ ಮುಂದಿನ ಸೀಟಿನಲ್ಲಿ ಕಿಟಕಿಯ ಪಕ್ಕ ಕೂತಿದ್ದರು. ಶಾಲು ಹೊದ್ದಿರಲಿಲ್ಲ.

"ನಾಲ್ಕನೇದು ಟೀಚ್ರೇ!" ಎಂದರು, ಇಡೀ ಬಸ್ಸಿಗೆ ಕೇಳುವ ಹಾಗೆ. "ಈ ಸಲ ಎಲ್ಲರಿಗೂ ಹೇಳ್ತಿದೀನಿ. ಕಂಡಕ್ಟ್ರಿಗೂ ಹೇಳ್ದೆ. ನೋಡಿ, ಎಂಥಾ ಸೀಟು ಕೊಟ್ಟ!"

ಕಂಡಕ್ಟರ್ ನಾಚಿ ಬೇರೆ ಕಡೆ ನೋಡಿದ. ಜೋಗದಲ್ಲಿದ್ದರೆ ನೆಂಟರು ಬಿಡುವುದಿಲ್ಲವೆಂದು ಅತ್ತೆಯೇ ಅವರನ್ನು ಊರಿಗೆ ಕರೆದುಕೊಂಡು ಹೋಗುತ್ತಿದ್ದರು. ಮಲಗಿಯೇ ಇರಬೇಕು, ಒಂದು ಕಡ್ಡಿ ಎತ್ತಕೂಡದು. ಅತ್ತೆ ನನ್ನ ಕೈ ಹಿಡಿದು, "ಈ ಸಲ ನೆಲಕ್ಕೆ ಕಾಲಿಡ್ಸೋದಿಲ್ಲ ನಾನು" ಎಂದರು. ಹಾಗೆಯೇ ನೋಡಿಕೊಂಡರಂತೆ.

ಅದು ಆದದ್ದು ಆಗಸ್ಟಿನಲ್ಲಿ, ಬಸಿರಿನ ಎಂಟನೇ ತಿಂಗಳಲ್ಲಿ. ಹಿನ್ನೀರು ಬಂದ ಮೇಲೆ ಆ ಊರಿನ ಹಳೇ ದಾರಿ ಮುಳುಗಿದೆ. ರಸ್ತೆ ಮುಟ್ಟಲು ಗುಡ್ಡ ಬಳಸಿ ಹೋಗಬೇಕು. ರಕ್ತ ಹೋಗತೊಡಗಿದ ಮೇಲೆ ಕಂಬಳಿಯನ್ನು ಬಿದಿರಿನ ಗಳುವಿಗೆ ಕಟ್ಟಿ ಜೋಲಿ ಮಾಡಿ ಹೊತ್ತುಕೊಂಡು ಹೊರಟರು. ಮೈದುನನೂ ಒಂದು ಕಡೆ ಹೆಗಲು ಕೊಟ್ಟಿದ್ದ.

"ಕೆಳಗಿಳ್ಸಿ, ಸ್ವಲ್ಪ ಕೂತ್ಕತೀನಿ ಅಂತಿದ್ರು ಟೀಚ್ರೇ" ಎಂದ ಅವನು, ಸಾಗರದ ಬಸ್ ಸ್ಟ್ಯಾಂಡಿನಲ್ಲಿ. "ಎರಡು ಮೂರು ಸಲ ಅಂದ್ರು. ಇಳ್ಸಿದ್ರೆ ಹೊತ್ತಾಗ್ತದೆ ಅಂತ ನಾವು ಓಡಿದ್ವು. ರಸ್ತೆ ಮುಟ್ಟಿ ಇಳ್ಸಿ ನೋಡಿದ್ರೆ..."

ಮಗುವೂ ಉಳಿಯಲಿಲ್ಲ.

ಮೊನ್ನೆ ನವೆಂಬರಿನಲ್ಲಿ ನಮ್ಮ ಶಾಲೆಯ ಮಕ್ಕಳನ್ನು ಜೋಗಕ್ಕೆ ಪ್ರವಾಸ ಕರೆದುಕೊಂಡು ಹೋಗಿದ್ದೆವು. ಅಲ್ಲೀಗ ಬಂದವರಿಗೆ ಜಾಗ ತೋರಿಸಿ ನಾಲ್ಕು ಕಾಸು ಸಂಪಾದಿಸುವವರಿದ್ದಾರೆ. ಅಂಥ ಒಬ್ಬಾತ ಮುಂದೆ ಮುಂದೆ ನಡೆಯುತ್ತ, ಕೈ ಬೀಸುತ್ತ ಹೇಳುತ್ತಿದ್ದ: "ರಾಜ ಅವಸರದವನು, ಒಂದೇ ಜಿಗಿತ. ರಾಣಿ ಕೂತು ಕೂತು ಇಳೀತಾಳೆ. ಯಾಕೆ? ಅವಳ ಮಡಿಲಲ್ಲಿ ಒಂದು ಗಂಟು ಉಂಟು."

ಮೋರಿಯ ಕಟ್ಟೆ ಬಂತು. ಆತ ನಿಲ್ಲಲಿಲ್ಲ. ನೇರಳೆ ಮರ ಬಂತು.

"ಇಲ್ಲಿ ಕೂತು ಹೇಳಿ" ಎಂದೆ.

"ಕೂತ್ರೆ ಹೊತ್ತಾಗ್ತದೆ ಟೀಚರ್. ನಡೀತಾ ಹೇಳ್ತೀನಿ."

"ಗಂಟಿನಲ್ಲಿ ಏನಿತ್ತು?" ಎಂದ ಒಬ್ಬ ಹುಡುಗ.

"ಇನ್ನೇನು? ಚಿನ್ನ!"

ಮಕ್ಕಳು ಕೂಗಿಕೊಂಡು ಅವನ ಹಿಂದೆ ಓಡಿದರು. ಅಣೆಕಟ್ಟು ಆದ ಮೇಲೆ ನೀರು ಕಡಿಮೆ. ಎದುರಿನ ಬಂಡೆಗಳ ಮೇಲೆ ರಾಣಿಯ ಜಾಗದಲ್ಲಿ ಒಂದು ಒದ್ದೆ ಗೆರೆ ಮಾತ್ರ ಇತ್ತು. ನಾಲ್ಕನೇ ತರಗತಿಯ ಒಂದು ಹುಡುಗಿ, ಓಡಿ ಸುಸ್ತಾದವಳು, ನನ್ನ ಪಕ್ಕ ನಿಂತು ಅದನ್ನೇ ನೋಡುತ್ತಿದ್ದಳು.

"ಟೀಚರ್, ರಾಣಿ ಇಳಿದು ಮುಗೀತಾ?"

"ಮುಗೀತು."

"ಮಡಿಲಲ್ಲಿ ಚಿನ್ನ ಇತ್ತಾ?"

ನಾನು ಮರದ ಬುಡದ ಆ ಚಪ್ಪಟೆ ಕಲ್ಲನ್ನು ಸೆರಗಿನಿಂದ ಒರೆಸಿದೆ. ಅವಳಿಗೂ ಜಾಗ ಬಿಟ್ಟು ಕೂತೆ.

"ಚಿನ್ನ ಅಲ್ಲ. ಕೂತ್ಕೋ, ಹೇಳ್ತೀನಿ."